ದೊರೆಗಳ ಕತೆ ಎರಡು ಪುಟಕ್ಕೆ ಮುಗೀತು

ಬಳ್ಳಾರಿ ಸೀಮೆಯ ನಮ್ಮೂರ ಚರ್ಚಿನ ಸ್ಮರಣ ಸಂಚಿಕೆಗೆ "ಇತಿಹಾಸದ ಲೇಖನ ನೀನೇ ಬರಿಯಪ್ಪ, ಓದಿದೋನು" ಅಂತ ಕಮಿಟಿಯವರು ನನ್ನ ತಲೆಗೆ ಕಟ್ಟಿದಾಗಿಂದ ಒಂದು ವಿಷಯ ಕೊರೀತಾನೇ ಇದೆ. ಊರಲ್ಲಿ ಯಾರನ್ನೇ ಕೇಳಿ, ಚರ್ಚಿನ ಕತೆ ಶುರುವಾಗೋದು 1810ರಲ್ಲಿ, ಸಮುದ್ರ ದಾಟಿ ಬಂದ ಒಬ್ಬ ದೊರೆಯಿಂದ, ಅಂದ್ರೆ ಬಿಳಿ ಮಿಷನರಿಯಿಂದ. ಅಲ್ಲಿಂದ ಒಂದೇ ಜಿಗಿತಕ್ಕೆ ಅವರವರ ತಾತನ ಹತ್ರ ಬಂದು ನಿಲ್ಲುತ್ತೆ. ತಾತ ಮಿಷನ್ ಶಾಲೆ ಮೇಷ್ಟ್ರಾಗಿದ್ರು, ತಾತ ಬೋರ್ಡಿಂಗಲ್ಲಿ ವಾರ್ಡನ್ ಆಗಿದ್ರು, ತಾತಂಗೆ ದೊರೆಸಾನಿ ಒಂದು ಹಾರ್ಮೋನಿಯಂ ಕೊಟ್ಟಿದ್ರು. ಸರಿ, ತಾತನ ತಾತ? ಅಲ್ಲಿಗೆ ಮಾತು ಬೇರೆ ಕಡೆ ಹೊರಳುತ್ತೆ, ಯಾರಾದ್ರೂ ಚಾ ತರಿಸ್ತಾರೆ. ಒಂದು ಕಡೆ ದೊರೆ, ಇನ್ನೊಂದು ಕಡೆ ಮೇಷ್ಟ್ರು ತಾತ, ಇವರಿಬ್ಬರ ನಡುವೆ ಹತ್ತಿರ ಹತ್ತಿರ ನೂರು ವರ್ಷ ಇದೆಯಲ್ಲ, ಆ ನೂರು ವರ್ಷದಲ್ಲಿ ಈ ಗೋಡೆ ಒಳಗೆ ಚಾಪೆ ಮೇಲೆ ಕೂತಿದ್ದೋರು ಯಾರು, ಅವರು ಯಾವ ಕೇರಿಯಿಂದ ಎದ್ದು ಬಂದ್ರು, ಯಾಕೆ ಬಂದ್ರು ಅನ್ನೋದು ಯಾರ ಬಾಯಲ್ಲೂ ಇಲ್ಲ. ಗೊತ್ತಿಲ್ಲದೆ ಇಲ್ಲ ಅಂತ ಅಲ್ಲ ಮತ್ತೆ. ಎಲ್ಲರಿಗೂ ಗೊತ್ತು.

ದೊರೆಗಳ ಭಾಗ ಬರೆಯೋದು ಸಲೀಸು. ಎರಡು ಪುಟ ಒಂದೇ ಸಲ ಕೂತಿದ್ದಕ್ಕೆ ಆಗೋಯ್ತು. ತೊಂದರೆ ಬಂದಿದ್ದು ಮೂರನೇ ಪುಟಕ್ಕೆ.

ಮೊದಲ ಎರಡು ಪುಟ

ಆ ಎರಡು ಪುಟದ ಬಗ್ಗೆ ನನಗೆ ಹೆಮ್ಮೆ ಇಲ್ಲ ಅಂತೇನಿಲ್ಲ, ಸುಳ್ಳ್ಯಾಕೆ ಹೇಳ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ನಿಜಾಮ ಈ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು ಹತ್ತೇ ವರ್ಷ ಆಗಿತ್ತು, ಬಳ್ಳಾರಿ ಗುಡ್ಡದ ಕೆಳಗೆ ದಂಡು ಬೀಡುಬಿಟ್ಟಿತ್ತು. ಈಗ ವಾಟ್ಸಾಪಲ್ಲಿ "ಕಂಪನಿ ಬಂತು, ಜೊತೆಗೆ ಚರ್ಚು ತಂತು" ಅಂತ ಒಂದೇ ಸಾಲಲ್ಲಿ ಹೇಳಿ ಮುಗಿಸ್ತಾರೆ, ಆದ್ರೆ ಮಿಷನರಿಗಳಿಗೆ ದಾರಿ ಬಿಟ್ಟ 1813ರ ಚಾರ್ಟರ್ ಕಾಯ್ದೆ ಬರೋವರೆಗೂ ಕಂಪನಿ ಸರ್ಕಾರಕ್ಕೆ ಮಿಷನರಿಗಳು ಅಂದ್ರೆ ಅಷ್ಟಕ್ಕಷ್ಟೆ, ಎಲ್ಲಿ ಇವರಿಂದ ಸಿಪಾಯಿಗಳು ರೊಚ್ಚಿಗೇಳ್ತಾರೋ, ವ್ಯಾಪಾರ ಕೆಡುತ್ತೋ ಅನ್ನೋ ಭಯ. ಹ್ಯಾಂಡ್ಸ್ ಇಲ್ಲಿ ಕೂತು ಕನ್ನಡ ಕಲಿತ, ಶಾಲೆ ತೆರೆದ, ಬೈಬಲ್ ಕನ್ನಡಕ್ಕೆ ತರೋ ಕೆಲಸಕ್ಕೆ ಕೈ ಹಾಕಿದ. ಜೊತೆಗೆ ವಿಲಿಯಂ ರೀವ್ ಸೇರಿಕೊಂಡ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂತು, ಅದೂ ಇದೇ ಬಳ್ಳಾರಿಯ ಮಿಷನ್ ಪ್ರೆಸ್ಸಲ್ಲಿ. ಮರುವರ್ಷ, 1832ರಲ್ಲಿ, ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟು ಮದ್ರಾಸಲ್ಲಿ ಪ್ರಕಟವಾಯ್ತು. ಕಿಟೆಲ್ ನಿಘಂಟು ಬಂದಿದ್ದು 1894ರಲ್ಲಿ, ಅಂದ್ರೆ 62 ವರ್ಷ ಆದಮೇಲೆ. ಕಿಟೆಲ್ಲಿಗೆ ಬೆಂಗಳೂರಲ್ಲಿ ಪ್ರತಿಮೆ ಇದೆ, ಇರ್ಲಿ, ಇರಲೇಬೇಕು, ಆ ಮಹಾನುಭಾವ ಮಾಡಿರೋ ಕೆಲಸಕ್ಕೆ ಎಷ್ಟು ಪ್ರತಿಮೆ ನಿಲ್ಲಿಸಿದ್ರೂ ಕಮ್ಮಿನೇ. ಆದ್ರೆ ರೀವ್ ಅಂದ್ರೆ ಬಳ್ಳಾರಿಯೋರೇ "ಯಾರ್ರೀ ಅದು" ಅಂತಾರೆ.

ಇನ್ನೊಂದಿದೆ, ಇದು ನನಗೆ ಪ್ರತಿ ವರ್ಷ ಹೊಟ್ಟೆ ಉರಿಸುತ್ತೆ. ಜುಲೈ 1 ಬಂತು ಅಂದ್ರೆ ಪತ್ರಿಕಾ ದಿನಾಚರಣೆ, ಪತ್ರಿಕಾ ಭವನದಲ್ಲಿ ಬ್ಯಾನರು, ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಫೋಟೋಗೆ ಹಾರ, 1843ರಲ್ಲಿ ಮಂಗಳೂರಲ್ಲಿ 'ಮಂಗಳೂರ ಸಮಾಚಾರ' ಶುರುವಾಯ್ತು ಅಂತ ಭಾಷಣ. ಬಳ್ಳಾರಿಯಲ್ಲೂ ಅದೇ ಭಾಷಣ. ಆ ಪತ್ರಿಕೆ ಒಂದು ವರ್ಷವೂ ತುಂಬದೆ 1844ರಲ್ಲಿ ಬಳ್ಳಾರಿಗೆ ಬಂತು, ಇಲ್ಲಿ 'ಕನ್ನಡ ಸಮಾಚಾರ' ಅನ್ನೋ ಹೆಸರಲ್ಲಿ ನಡೀತು ಅನ್ನೋದನ್ನ ಅದೇ ವೇದಿಕೆ ಮೇಲೆ ನಿಂತೋರು ಹೇಳಲ್ಲ. ಯಾಕೆ ಬಂತು ಅಂದ್ರೆ, ಮಂಗಳೂರಲ್ಲಿ ಆಗ ಇದ್ದಿದ್ದು ಕಲ್ಲಚ್ಚು. ಕಲ್ಲಿನ ಮೇಲೆ ಬರೆದು ಪ್ರತಿ ತೆಗೀಬೇಕು. ಬಳ್ಳಾರಿಯಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕೋ ಪ್ರೆಸ್ ಇತ್ತು, ಬೈಬಲ್ಲಿಗೋಸ್ಕರ ಕಟ್ಟಿಕೊಂಡಿದ್ದ ಪ್ರೆಸ್. ಕನ್ನಡದ ಮೊದಲ ಪತ್ರಿಕೆ ಊರು ಬಿಟ್ಟು ಊರಿಗೆ ಬಂದಿದ್ದು ಬಿಸಿಲಿಗೂ ಧೂಳಿಗೂ ಹೆಸರಾದ ನಮ್ಮ ಬಳ್ಳಾರಿಗೆ, ಇದನ್ನ ಗಣಿ, ಜೀನ್ಸು, ರಾಜಕೀಯ ಅಂತ ಮೂರೇ ವಿಷಯಕ್ಕೆ ನಮ್ಮನ್ನ ಗುರುತಿಸೋ ಬೆಂಗಳೂರು ಗೆಳೆಯರ ಮುಂದೆ ಎಷ್ಟು ಸಲ ಹೇಳಿದೀನೋ.

ಇದೇ ಲಂಡನ್ ಮಿಷನ್ನಿನ 1846ರ ವಾರ್ಡ್ಲಾ ಶಾಲೆ ಬಗ್ಗೆ ಬರೆಯೋ ಹಂಗೇ ಇಲ್ಲ, ಬಳ್ಳಾರಿ ಜಿಲ್ಲೇಲಿ ಹುಟ್ಟಿದೋರಿಗೆ ಅದು ಗೊತ್ತಿದ್ದಿದ್ದೇ. ಮುಂದಕ್ಕೆ ಹೋಗೋಣ.

ದೊರೆ ಅಲ್ಲದವರು

ಆ ಎರಡು ಪುಟ ಮತ್ತೆ ಓದಿದಾಗ ಅನ್ನಿಸಿದ್ದು, ಇದರಲ್ಲಿ ನಮ್ಮೋರು ಅಂತ ಒಬ್ಬರೂ ಇಲ್ವಲ್ಲ ಅಂತ. ಹ್ಯಾಂಡ್ಸ್ ಎದುರಿಗೆ ಕೂತು ಕನ್ನಡ ಹೇಳಿಕೊಟ್ಟ ಮುನ್ಷಿಗಳು, ವಾಕ್ಯ ತಿದ್ದಿದ ಪಂಡಿತರು, ತಲೆಕೆಳಗಾದ ಅಕ್ಷರ ಒಂದೊಂದೇ ಆರಿಸಿ ಜೋಡಿಸಿದ ಹುಡುಗರು, ಇವರ ಹೆಸರು ಮುಖಪುಟಕ್ಕೆ ಬರಲಿಲ್ಲ. ಸ್ಯಾಮುಯೆಲ್ ಫ್ಲೇವೆಲ್ ಒಬ್ಬರ ಹೆಸರು ಮಾತ್ರ ಉಳಿದಿದೆ. ಹೆಸರು ಕೇಳಿ ಬಿಳಿಯ ಅಂದ್ಕೋಬೇಡಿ. ತಮಿಳು ಮನೆತನದಲ್ಲಿ ಹುಟ್ಟಿದ ಮನುಷ್ಯ, ಹುಟ್ಟಿದಾಗಿನ ಹೆಸರೇ ಬೇರೆ, ಹರೆಯದಲ್ಲಿ ಇಂಗ್ಲಿಷ್ ಅಧಿಕಾರಿಗಳ ಮನೇಲಿ ಚಾಕರಿ ಮಾಡಿಕೊಂಡಿದ್ದವರು. ಆಮೇಲೆ ಬೋಧಕರಾಗಿ, ಪಾದ್ರಿ ದೀಕ್ಷೆ ಪಡೆದು, ಬೆಂಗಳೂರಲ್ಲಿದ್ದು, 1827ರಲ್ಲಿ ಬಳ್ಳಾರಿಗೆ ಬಂದ್ರು. 1847ರಲ್ಲಿ ತೀರಿಕೊಳ್ಳೋವರೆಗೆ ಇಲ್ಲಿಯ ದೇಶೀ ಕ್ರೈಸ್ತರ ಸಭೆ ನೋಡಿಕೊಂಡಿದ್ದು ಅವರೇ. ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷದಲ್ಲಿ ಎಷ್ಟೋ ದೊರೆಗಳು ಬಂದ್ರು, ಜ್ವರ ಹಿಡಿದು ವಾಪಸ್ ಹೋದ್ರು. ಅವರಿಗೆಲ್ಲ ಎಲ್ಲಾದ್ರೂ ಒಂದು ನೆನಪಿನ ಬಿಳಿ ಕಲ್ಲು ಸಿಕ್ಕೇ ಸಿಗುತ್ತೆ. ಫ್ಲೇವೆಲ್ಲರ ಬಗ್ಗೆ ನಮ್ಮ ಸಂಡೇ ಸ್ಕೂಲಲ್ಲಿ ಒಂದು ದಿನಾನೂ ಯಾರೂ ಹೇಳಿಕೊಡಲಿಲ್ಲ.

ಇಷ್ಟಾದ್ರೂ ಫ್ಲೇವೆಲ್ಲರು ನನ್ನ ಮೂರನೇ ಪುಟ ತುಂಬಿಸಲ್ಲ. ಅವರು ಬೋಧಕರು, ಬರೆಯೋಕೆ ಬಲ್ಲೋರು. ನನಗೆ ಬೇಕಿದ್ದಿದ್ದು ಬೋಧನೆ ಕೇಳೋಕೆ ಕೂತಿದ್ದೋರು.

ದೊಡ್ಡಮ್ಮನ ಮೊರ

ನಮ್ಮ ದೊಡ್ಡಮ್ಮ ಅಂದ್ರೆ ಅಪ್ಪನ ದೊಡ್ಡಪ್ಪನ ಮಗಳ ಕಡೆಯಿಂದ ಆಗಬೇಕು, ಸಂಬಂಧ ಬಿಡಿಸಿ ಹೇಳೋಕೆ ಹೋದ್ರೆ ನೀವು ಓದೋದು ಬಿಟ್ಟು ಎದ್ದು ಹೋಗ್ತೀರಿ. ಎಂಬತ್ತು ದಾಟಿದ ಮುದುಕಿ. ಬೈಬಲ್ ಓದೋದು ಕನ್ನಡದಲ್ಲಿ, ಪ್ರಾರ್ಥನೆ ಮಾಡೋದು ತೆಲುಗಲ್ಲಿ, ಸೊಸೆಗೆ ಬೈಯೋದು ಎರಡರಲ್ಲೂ. ಬಳ್ಳಾರಿ ಸೀಮೆ ಕ್ರಿಶ್ಚಿಯನ್ನರ ಮನೇಲಿ ಇದೇನು ವಿಶೇಷ ಅಲ್ಲ. ಅವಳ ಹತ್ರ ಹೋದಾಗ ಕಟ್ಟೆ ಮೇಲೆ ಕೂತು ಜೋಳ ಕೇರ್ತಾ ಇದ್ಲು. ಇತಿಹಾಸ ಅಂದೆ. "ಸೈಮನ್ ಮೇಷ್ಟ್ರುನ್ನ ಕೇಳಪಾ" ಅನ್ನೋ ಥರ ಯಾರದೋ ಹೆಸರು ಹೇಳಿ ಸಾಗಹಾಕೋಕೆ ನೋಡಿದ್ಲು. ನಾನು ಬಿಡದೆ, ನಮ್ಮೋರು ಯಾವಾಗ ಈ ಕಡೆ ಬಂದ್ರು ದೊಡ್ಡಮ್ಮ, ಮೊದಲು ಏನಾಗಿದ್ವಿ ಅಂದೆ. ಮೊರ ನಿಂತಿತು. "ನಾವು ಮೊದ್ಲಿಂದ ಇವ್ರೇ" ಅಂದ್ಲು. ಮತ್ತೆ ಮೊರ ಶುರು.

ನಾನೂ ಸುಮ್ನೆ ಕೂತೆ. ಅವಳು ಕೇರೋ ರೀತಿ ನೋಡಬೇಕು. ಹೊಟ್ಟು ಹಾರಿಸಿ, ಕಲ್ಲು ತೆಗೆದು, ಕಾಳು ಡಬ್ಬಿಗೆ ಸುರಿದಾದ್ಮೇಲೆ, ಕಟ್ಟೆ ಮೇಲೆ ಬಿದ್ದ ಕಾಳು, ಬಿರುಕಲ್ಲಿ ಸೇರಿಕೊಂಡ ಕಾಳು ಎಲ್ಲಾನೂ ಬೆರಳ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಅಂಟಿಸಿ ಅಂಟಿಸಿ ಎತ್ತಿದ್ಲು. ಮಗ ಬ್ಯಾಂಕಲ್ಲಿದಾನೆ, ಮನೇಲಿ ಜೋಳಕ್ಕೇನು ಬರ ಇಲ್ಲ. ಹಕ್ಕಿ ತಿಂತಾವೆ ಬಿಡು ದೊಡ್ಡಮ್ಮ ಅಂದೆ. ಆಗ ಹೇಳಿದ್ಲು, ಇದು ನಮ್ಮಜ್ಜಿ ಕಲಿಸಿದ್ದು ಅಂತ. ಅವರಜ್ಜಿ ಸಣ್ಣ ಹುಡುಗಿ ಆಗಿದ್ದಾಗ ಧಾತು ಬರ, 1876ರಲ್ಲಿ ಶುರುವಾಗಿದ್ದು. ಅವ್ವನ ಜೊತೆ, ತಮ್ಮನ ಜೊತೆ ರಸ್ತೆಗೆ ಜಲ್ಲಿ ಒಡೆಯೋಕೆ ಹೋಗಿದ್ಲಂತೆ, ಸರ್ಕಾರದ ಬರಗಾಲ ಕೆಲಸ. ಹೋಗಿದ್ದು ಮೂವರು. ವಾಪಸ್ ಬಂದಿದ್ದು ಈ ಹುಡುಗಿ ಒಬ್ಬಳೇ, ಯಾರೋ ಮಿಷನ್ ಬೋರ್ಡಿಂಗಿಗೆ ಸೇರಿಸಿದ್ರಂತೆ. "ಮುದುಕಿ ಸಾಯೋತನಕ ಗಂಜಿ ಅನ್ನೋ ಮಾತು ಮನ್ಯಾಗ ಆಡಸ್ಲಿಲ್ಲ" ಅಂದ್ಲು ದೊಡ್ಡಮ್ಮ. ಯಾಕೆ ಅಂದ್ರೆ, ಊರ ಹುಡುಗರು ಗಂಜಿಗೆ ಮತ ಮಾರಿಕೊಂಡೋರು ಅಂತ ಕೂಗ್ತಿದ್ರಂತೆ. ಅನ್ನ ಬಸಿದ ನೀರಿಗೆ ಅವರ ಮನೇಲಿ ಬರೀ ತಿಳಿ ಅಂತಿದ್ರಂತೆ, ಇವತ್ತಿಗೂ ಅಂತಾರೆ.

ಇಷ್ಟು ಹೇಳಿ, ಇದನ್ನ ಬುಕ್ಕಿನಾಗ ಹಾಕಬ್ಯಾಡ ಅಂದ್ಲು. ಆಮೇಲೆ ಸ್ವಲ್ಪ ಹೊತ್ತಾದ್ಮೇಲೆ, ಹೆಸರು ಹಾಕದಿದ್ರೆ ಹಾಕು ಅಂದ್ಲು. ಹಾಗಾಗಿ ಇಲ್ಲಿ ಹೆಸರಿಲ್ಲ.

ಆ ಬರದ ಲೆಕ್ಕ

1876ರಿಂದ 78ರ ಬರ ಅಂದ್ರೆ ಎಂಥದು ಅನ್ನೋದಕ್ಕೆ ಜನಗಣತಿ ನೋಡಿದ್ರೆ ಸಾಕು. 1871ರಲ್ಲಿ ಬಳ್ಳಾರಿ ಜಿಲ್ಲೆಯ ಜನ 9 ಲಕ್ಷ ದಾಟಿತ್ತು, 1881ರಲ್ಲಿ ಸುಮಾರು 7 ಲಕ್ಷದ 36 ಸಾವಿರ. ಐದರಲ್ಲಿ ಹತ್ತಿರ ಹತ್ತಿರ ಒಂದು ಪಾಲು ಜನ ಇಲ್ಲ. ಸತ್ತೋರು ಎಷ್ಟು, ಊರು ಬಿಟ್ಟೋರು ಎಷ್ಟು, ಹೊಟ್ಟೇಲೇ ಹುಟ್ಟದೆ ಹೋದೋರು ಎಷ್ಟು. ಮಳೆ ಕೈಕೊಟ್ಟಿದ್ದು ಒಂದು ಕಡೆಯಾದ್ರೆ ಸರ್ಕಾರದ ಜಿಪುಣತನ ಇನ್ನೊಂದು ಕಡೆ. ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ 1877ರಲ್ಲಿ ಬರಗಾಲದ ಕೂಲಿಯನ್ನ ಇಳಿಸಿ, ಇಡೀ ದಿನ ಮೈಮುರಿದು ದುಡಿಯೋ ಗಂಡಸಿಗೂ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಅಂತ ಲೆಕ್ಕ ಕಟ್ಟಿದ. ಅಂದ್ರೆ ಅರ್ಧ ಕೇಜಿಗೂ ಕಮ್ಮಿ, ಜಲ್ಲಿ ಒಡೆಯೋನಿಗೆ. ಹೆಂಗಸರಿಗೆ, ಮಕ್ಕಳಿಗೆ ಅದಕ್ಕಿಂತ ಕಮ್ಮಿ.

ಈ ಲೆಕ್ಕದ ಎದುರಿಗೆ ಇಟ್ಟು ನೋಡಿದಾಗ "ಗಂಜಿಗೆ ಮತ ಮಾರಿಕೊಂಡ್ರು" ಅನ್ನೋ ಮಾತು ನನಗೆ ಅಸಹ್ಯ ಅನ್ಸುತ್ತೆ. ಹಸಿದವನಿಗೆ ಗಂಜಿ ಕೊಟ್ಟೋನು ತಪ್ಪು, ತಿಂದೋನು ತಪ್ಪು, ಬಾವಿ ಹತ್ರ ಬರಬೇಡ ಅಂದೋನು ಮಾತ್ರ ಸರಿ? ಅದೂ ಅಲ್ದೆ ಕತೆ ಅಷ್ಟು ನೇರವಾಗೂ ಇಲ್ಲ. ಆ ಕಡೆ ತೆಲುಗು ಸೀಮೆಯ ಒಂಗೋಲಲ್ಲಿ ಏನಾಯ್ತು ನೋಡಿ. ಅಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನ ಜಾನ್ ಕ್ಲೌ ಬರದ ಟೈಮಲ್ಲಿ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಮಾದಿಗರಿಗೆ ಕೆಲಸ ಕೊಡಿಸಿದ. ಆ ಕೆಲಸ ನಡೀತಿರೋವಾಗ ದೀಕ್ಷಾಸ್ನಾನ ಕೊಡೋದನ್ನೇ ನಿಲ್ಲಿಸಿಬಿಟ್ಟ, ಕೂಲಿಗೋಸ್ಕರ ಬಂದ್ರು ಅನ್ನೋ ಮಾತು ಬರಬಾರದು ಅಂತ. ಪರಿಹಾರ ಎಲ್ಲ ಮುಗಿದ ಮೇಲೆ, ಕೊಡೋಕೆ ಏನೂ ಇಲ್ಲ ಅಂತ ಗೊತ್ತಾದ ಮೇಲೂ ಜನ ಬಂದ್ರು. 1878ರ ಜುಲೈ 3ನೇ ತಾರೀಕು ಒಂದೇ ದಿನ 2,222 ಜನ ನೀರಿಗಿಳಿದ್ರು. ಒಂಗೋಲಿನ ಕತೆ ಬಳ್ಳಾರಿ ಕತೆ ಅಲ್ಲ, ನಮ್ಮ ಕಡೆ ಲಂಡನ್ ಮಿಷನ್ನಿಗೆ ಇಂಥ ಸಂಖ್ಯೆ ಯಾವತ್ತೂ ಕನಸಲ್ಲೂ ಬರಲಿಲ್ಲ. ಆದ್ರೆ ಆ ಜನಕ್ಕೆ ಬೇಕಾಗಿದ್ದು ಏನು ಅನ್ನೋದು ಅದರಿಂದ ಗೊತ್ತಾಗುತ್ತೆ ಅನ್ಸುತ್ತೆ. ಯಾರೋ ಒಬ್ಬರು ಮನೆ ಬಾಗಿಲಿಗೆ ಬಂದು, ಮುಟ್ಟಿ, ಹೆಸರು ಕೇಳಿ, ಪುಸ್ತಕದಲ್ಲಿ ಬರಕೊಂಡ್ರು. ದೊರೆಗಳು ಎಲ್ಲ ದೇವರಂಥೋರೇನಲ್ಲ, ಮೇಲ್ಜಾತಿಯೋರು ಬರಲಿ ಅಂತ ಇಂಗ್ಲಿಷ್ ಶಾಲೆ ಕಟ್ಟಿಕೊಂಡು ವರ್ಷಗಟ್ಟಲೆ ಕಾದ್ರು. ಆ ಹುಡುಗರು ಇಂಗ್ಲಿಷ್ ಕಲಿತು ವಕೀಲರಾಗಿ ಹೋದ್ರು, ಬಾಗಿಲು ತಳ್ಳಿಕೊಂಡು ಒಳಗೆ ಬಂದು ಕೂತಿದ್ದು ಕೇರಿಯೋರು.

ಎರಡು ಹೆಸರು

ಇಷ್ಟು ಗೊತ್ತಿದ್ದೂ ಹಿರಿಯರು ಯಾಕೆ ಬಾಯಿ ಬಿಡಲ್ಲ ಅಂದ್ರೆ ನಾಚಿಕೆ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು, ಮೊದಲು ನಾನೂ ಹಂಗೇ ಹೇಳ್ತಿದ್ದೆ. ಆದ್ರೆ ಲೆಕ್ಕಾಚಾರವೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಆಗಿದ್ರೆ ಮಾತ್ರ ಪರಿಶಿಷ್ಟ ಜಾತಿ, ಅದರ ಮೀಸಲಾತಿ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದೋರಿಗೆ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದೋರನ್ನ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಇಟ್ಟಿದಾರೆ, ಉಳಿದ ಕ್ರೈಸ್ತರು 3ಬಿ. ಭಾನುವಾರ ಚರ್ಚಿನಾಚೆ ಚಪ್ಪಲಿ ಬಿಡೋ ಜಾಗದಲ್ಲಿ ಈ ಚರ್ಚೆ ಎಷ್ಟು ನಡೆಯುತ್ತೆ ಅಂದ್ರೆ ಒಳಗಿನ ಪಾದ್ರಿ ಪ್ರಸಂಗಕ್ಕಿಂತ ಜಾಸ್ತಿ. ಒಂದೇ ಮನೇಲಿ ಅಣ್ಣ ಪ್ರವರ್ಗ 1, ತಮ್ಮ 3ಬಿ, ಚಿಕ್ಕಪ್ಪನ ಮಗ ಎಸ್ಸಿ. ಚರ್ಚಿನ ರಿಜಿಸ್ಟರಲ್ಲಿ ಸಾಮುವೇಲ, ಶಾಲೆ ದಾಖಲೆಯಲ್ಲಿ ಹನುಮಂತ. ಅಕ್ಕಪಕ್ಕದೋರಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತು, ತಹಶೀಲ್ದಾರ್ ಆಫೀಸಿನ ಗುಮಾಸ್ತಂಗೂ ಗೊತ್ತು. ಅಂಥದ್ರಲ್ಲಿ ನಾನು ಹೋಗಿ ನಿಮ್ಮ ಮುತ್ತಾತ ಯಾವ ಕೇರಿಯೋರು, ಯಾವ ವರ್ಷ ದೀಕ್ಷಾಸ್ನಾನ ತಗೊಂಡ್ರು ಅಂತ ನೋಟ್‌ಬುಕ್ ಹಿಡಿದು ಕೇಳಿದ್ರೆ ಯಾವನು ಹೇಳ್ತಾನೆ? ಮೇಲಿಂದ ಮತಾಂತರದ ಹೆಸರಲ್ಲಿ ಯಾವಾಗ ಯಾರು ಬಾಗಿಲಿಗೆ ಬಂದು ನಿಲ್ತಾರೋ ಅನ್ನೋ ಕಾಲ ಬೇರೆ. ಜಾನ್ ಹ್ಯಾಂಡ್ಸ್ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡಬಹುದು, ಆತನ ಕ್ಯಾಸ್ಟ್ ಸರ್ಟಿಫಿಕೇಟ್ ಯಾರೂ ಕೇಳಲ್ಲ. ದೊರೆಗಳ ಇತಿಹಾಸ ನಮಗೆ ಮಳೆಗಾಲದ ಗೋಣಿಚೀಲದ ಕೊಪ್ಪೆ ಇದ್ದಂಗೆ ಆಗಿದೆ, ತಲೆ ಮೇಲೆ ಹಾಕ್ಕೊಂಡ್ರೆ ಒಳಗಿರೋರು ಯಾರು ಅಂತ ಕಾಣಲ್ಲ.

ಹಿಡಿ ಜೋಳ

ಪಾರಂಪರಿಕ ಕಟ್ಟಡ ಅಂತ ಫೋಟೋ ಕೊಡಿ ಅಂದ್ರು ಕಮಿಟಿಯೋರು. ಕೊಡೋಣ ಅಂದ್ರೆ ಏನಿದೆ ಅಲ್ಲಿ? ಹೆಂಚು ಹೋಗಿ ಆರ್‌ಸಿಸಿ ಬಂತು. ಕಲ್ಲಿನ ಗೋಡೆಗೆ ಎದೆಮಟ್ಟ ಟೈಲ್ಸ್ ಹೊಡೆಸಿದಾರೆ, ಬಾತ್‌ರೂಮಿಗೆ ಹಾಕ್ತಾರಲ್ಲ ಅಂಥದ್ದು. ಕಪ್ಪು ಗ್ರಾನೈಟ್ ಮೇಲೆ ಫ್ಯಾನ್ ಕೊಟ್ಟೋರ ಹೆಸರು, ಮೈಕ್ ಸೆಟ್ ಕೊಟ್ಟೋರ ಹೆಸರು. ಮೊದಲೆಲ್ಲ ಇದನ್ನ ನೋಡಿ ಸಿಟ್ಟು ಬರ್ತಿತ್ತು, ಈಗ ಅಷ್ಟಿಲ್ಲ. ಮಳೆ ಬಂದ್ರೆ ಸೋರೋ ಹೆಂಚಿನ ಕೆಳಗೆ ಕೂರೋರು ಅವರು, ಫೋಟೋ ತೆಗೆದು ಹಾಕೋಕೆ ಬರೋನು ನಾನು.

ಕಟ್ಟಡಕ್ಕಿಂತ ಹಳೇದು ಬೇರೆ ಇದೆ. ಸುಗ್ಗಿ ಹಬ್ಬದ ಹರಾಜು. ಜನ ಮೊದಲ ಬೆಳೆ ತಂದು ಪೀಠದ ಮುಂದೆ ಒಟ್ಟುತ್ತಾರೆ, ಜೋಳದ ತೆನೆ, ಸೋನಾ ಮಸೂರಿ ಅಕ್ಕಿ, ಮೆಣಸಿನಕಾಯಿ ಚೀಲ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಯಾರೋ ಬೇಕರಿಯಿಂದ ಕೇಕೂ ತರ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ನಮ್ಮಲ್ಲಿ ಹರಾಜು ಕೂಗೋರು ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡೋ ಒಬ್ಬರು, ವಾರವಿಡೀ ಕಮಿಷನ್ ಏಜೆಂಟರ ಕೂಗು ಕೇಳಿ ಕೇಳಿ ಕಲಿತದ್ದು. ಒಂದು ಸಲ ಒಂದೇ ಒಂದು ನಿಂಬೆಹಣ್ಣು ಎತ್ತಿ ಹಿಡಿದು, "ಇದು ಬೈಬಲ್ಲಿನಾಗ ಬಡ ವಿಧವೆ ಎರಡು ಕಾಸು ಹಾಕಿದ್ಲಲ್ಲ, ಅಂಥಾ ನಿಂಬೆಹಣ್ಣು, ಐವತ್ತಕ್ಕ ಕೇಳ್ತೀರಾ, ನಾಚಿಕೆ ಆಗಂಗಿಲ್ಲೇನು" ಅಂತ ಶುರು ಮಾಡಿದ್ರು. ಅದನ್ನ ತಂದಿದ್ದ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ನಗ್ತಾ ಇದ್ಲು. ಇಬ್ಬರು ಭಾವಮೈದುನರು ಜಿದ್ದಿಗೆ ಬಿದ್ದು ಐನೂರು ದಾಟಿಸಿದ್ರು, ಗೆದ್ದೋನು ಆ ಹಣ್ಣನ್ನ ಮತ್ತೆ ಹರಾಜಿಗೇ ಕೊಟ್ಟ. ಅಷ್ಟರಲ್ಲಿ ಕೋಳಿ ಹಗ್ಗ ಬಿಚ್ಚಿಕೊಂಡು ಸಭಾಪಾಲಕರ ಮನೆ ಅಟ್ಟ ಹತ್ತಿತ್ತು, ಆ ಕತೆ ಬೇಡ.

ದೊಡ್ಡಮ್ಮನ ಕಾಲದಲ್ಲಿ ಇದರ ಜೊತೆ ಹಿಡಿ ಜೋಳ ಅಂತ ಇತ್ತು. ರೊಟ್ಟಿಗೆ ಜೋಳ ಬೀಸೋಕೆ ತೆಗೀವಾಗ ಪ್ರತಿ ಸಲ ಒಂದು ಹಿಡಿ ಪಕ್ಕದ ಗಡಿಗೆಗೆ. ವಾರಕ್ಕೊಮ್ಮೆ ಬೈಬಲ್ ವುಮನ್, ಅಂದ್ರೆ ಮನೆ ಮನೆಗೆ ಹೋಗಿ ಬೈಬಲ್ ಹೇಳೋ ಹೆಂಗಸು, ಕೇರಿ ಸುತ್ತಿ ಕೂಡಿಸಿಕೊಂಡು ಹೋಗ್ತಿದ್ಲು. ಮಿಷನ್ ದುಡ್ಡು ಕಮ್ಮಿ ಆದಾಗ ಸಭಾಪಾಲಕರ ಸಂಬಳ, ದೀಪದ ಎಣ್ಣೆ, ಬೋರ್ಡಿಂಗ್ ಹುಡುಗರ ಊಟ ನಡೆದಿದ್ದು ಅದರಲ್ಲಿ. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಬೇರೆ ಬೇರೆ ಪ್ರಾಟೆಸ್ಟಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆಯ್ತು, ದೊರೆಗಳು ಒಬ್ಬೊಬ್ಬರೇ ಹೋದ್ರು, ಗಡಿಗೆ ಮಾತ್ರ ಇಲ್ಲೇ ಇತ್ತು. ಗಂಜಿಗೆ ಬಂದೋರು ಅಂತ ಅನ್ನಿಸಿಕೊಂಡ ಮನೆಗಳಿಂದಲೇ ಆ ಜೋಳ ಬರ್ತಿದ್ದಿದ್ದು. ಇದನ್ನೇ ಮೂರನೇ ಪುಟದಲ್ಲಿ ಬರೆದೆ, ಬರ, ಕೇರಿ, ಎರಡು ಹೆಸರು, ಹಿಡಿ ಜೋಳ, ನಿಂಬೆಹಣ್ಣು.

ಕಮಿಟಿ ಮೀಟಿಂಗಲ್ಲಿ ಓದಿದೆ. ಮೊದಲ ಎರಡು ಪುಟಕ್ಕೆ ಎಲ್ಲರೂ ತಲೆದೂಗಿದ್ರು. ಮೂರನೇದಕ್ಕೆ ಸೆಕ್ರೆಟರಿ, "ಬರ ಇರ್ಲಿ, ಜೋಳ ಇರ್ಲಿ, ಆ ಕೇರಿ ಒಂದು ತೆಗೆದುಬಿಡಪಾ" ಅಂದ್ರು. ಅವರ ಮಗನಿಗೆ ಸಂಬಂಧ ನೋಡ್ತಿದಾರೆ, ಮಂಗಳೂರು ಕಡೆ ಒಂದು ಮನೆಯೋರು ಬಂದು ಹೋಗಿದಾರೆ, ಕಷ್ಟ ನನಗೂ ಅರ್ಥ ಆಗುತ್ತೆ. ಕೇರಿ ತೆಗೆದ್ರೆ ಜೋಳ ಯಾವ ಮನೆಯಿಂದ ಬಂತು ಅಂತ ಬರೀಲಿ ಸರ್ ಅಂದೆ. ಯುವಜನ ಸಂಘದ ಹುಡುಗಿಯೊಬ್ಬಳು ಹಿಂದಿನ ಬೆಂಚಿಂದ, "ಅಂಕಲ್, ಇಡೀ ಊರಿಗೆ ಗೊತ್ತಿರೋದನ್ನ ನಾವೊಬ್ಬರೇ ಮುಚ್ಚಿಡ್ತಾ ಇದೀವಿ" ಅಂದ್ಲು, ಅದಕ್ಕೆ ದೊಡ್ಡ ಗಲಾಟೆ ಆಯ್ತು. ಕೊನೆಗೆ ಆಗಿರೋ ರಾಜಿ ಇಷ್ಟು: ಮೂರನೇ ಪುಟ ಪೂರ್ತಿ ಬರುತ್ತೆ, ನನ್ನ ಹೆಸರಲ್ಲಿ, ದಾನಿಗಳ ಜಾಹೀರಾತೆಲ್ಲ ಮುಗಿದ ಮೇಲೆ. ಕೆಳಗೆ "ಇದು ಲೇಖಕರ ವೈಯಕ್ತಿಕ ಅಭಿಪ್ರಾಯ, ಕಮಿಟಿಗೆ ಸಂಬಂಧ ಇಲ್ಲ" ಅಂತ ಒಂದು ಸಾಲು ಸೇರಿಸ್ತಾರಂತೆ. ಸೇರಿಸ್ಲಿ.